ಕೂಗಿಲ್ಲದವಳಿಗೆ ದೋಣಿಯಿಲ್ಲ

ಗ್ರಿಗ್ಸ್ ದ್ವೀಪದ ಮನೆಯಲ್ಲಿ ಜಿಲ್ಫಾಳ ಮಾತಿಗೆ ಎದುರಿರಲಿಲ್ಲ. ಕೋಳಿಗೂಡಿನ ಬಾಗಿಲು ಯಾವಾಗ ಹಾಕಬೇಕು, ಜೋನಿಬೆಲ್ಲದ ಡಬ್ಬಿಗೆ ಯಾರು ಕೈಹಾಕಬಹುದು, ಜಗಲಿಯ ಯಾವ ಕುರ್ಚಿ ಯಾರದು, ಎಲ್ಲಕ್ಕೂ ಅವಳದೊಂದು ಕಾನೂನಿತ್ತು. ಕಾಡಿಬೇಡಿ ಕೆಲವನ್ನು ಸಡಿಲಿಸಬಹುದಿತ್ತು. ಒಂದನ್ನು ಮಾತ್ರ ಯಾರಿಂದಲೂ ಅಲುಗಾಡಿಸಲು ಆಗಿರಲಿಲ್ಲ: ಕೂಗಿಲ್ಲದವಳಿಗೆ ದೋಣಿಯಿಲ್ಲ.

ಮದುವೆಯಾಗಿ ಬಂದು ಎಂಟು ತಿಂಗಳಾಗಿದ್ದರೂ ಸೊಸೆ ಟೆಲಿತಾಳಿಗೆ ಕೂಗು ಕೂಡಿಬಂದಿರಲಿಲ್ಲ.

ಓಕೆಫೆನೋಕಿಯ ಜೌಗಿನಲ್ಲಿ ಹುಟ್ಟಿದ ಮಕ್ಕಳಿಗೆ ಹೆಸರಿನ ಬೆನ್ನಿಗೇ ಒಂದು ಕೂಗೂ ಬರುತ್ತದೆ. ಒಬ್ಬರ ಕೂಗಿನ ಹಾಗೆ ಇನ್ನೊಬ್ಬರದು ಇರುವುದಿಲ್ಲ. ಸಂಜೆ ಬಲೆ ಬಿಚ್ಚಿಕೊಂಡು ಮನೆಗೆ ಹೊರಟ ಗಂಡಸು ಎರಡು ಮೈಲಿ ಆಚೆಯಿಂದ ಒಂದು ಸಲ ಕೂಗಿದರೆ ಸಾಕು. ಮನೆಯಲ್ಲಿ ಹೆಂಡತಿ, ‘ಬಂದ, ಕೈಕಾಲು ನೆಟ್ಟಗಿದೆ’ ಎಂದು ಮೆಕ್ಕೆಜೋಳದ ರೊಟ್ಟಿಯನ್ನು ಬೆಂಕಿಗೆ ಇಡುತ್ತಾಳೆ. ಕೂಗು ಕೇಳಿಸದಿದ್ದರೆ ನೆರೆಹೊರೆಯವರು ದೋಣಿ ಬಿಚ್ಚುತ್ತಾರೆ. ಅಷ್ಟು ದೊಡ್ಡ ಕಪ್ಪು ನೀರಿನಲ್ಲಿ ಮನುಷ್ಯನಿಗೆ ಬೇರೆ ವಿಳಾಸವಿಲ್ಲ.

ಟೆಲಿತಾ ಪಟ್ಟಣದವಳು. ಅವಳಪ್ಪನಿಗೆ ರೈಲ್ವೆ ನಿಲ್ದಾಣದಲ್ಲಿ ಸರಕು ಎತ್ತಿಹಾಕುವ ಕೆಲಸ. ಅಲ್ಲಿ ಕೂಗುವುದೇನಿದ್ದರೂ ಇಂಜಿನ್ನಿನ ಜವಾಬ್ದಾರಿ. ಆದರೆ ಅವರದು ಹಾಡುವ ಮನೆತನ. ಭಾನುವಾರ ನಾಲ್ಕು ಸಾಲು ಬೆಂಚುಗಳನ್ನು ಎದುರುಬದುರು ಹಾಕಿಕೊಂಡು, ಮೊದಲು ಫ-ಸೋ-ಲ ಎಂದು ಸ್ವರ ಹೇಳಿ ಆಮೇಲೆ ಸಾಹಿತ್ಯ ಹಾಡುವ ದೇವರ ಹಾಡುಗಳಲ್ಲಿ, ತಾರಸ್ಥಾಯಿಯ ಬೆಂಚಿನ ಮೊದಲ ಜಾಗ ಟೆಲಿತಾಳದು. ಹಾರ್ಲನ್ ಗ್ರಿಗ್ಸ್ ಅವಳನ್ನು ಕಂಡು ಮನಸ್ಸು ಸೋತದ್ದೂ ಅಂಥ ಒಂದು ಭಾನುವಾರವೇ. ಹಾಡಿಗೆ ಒಲಿದ ಆ ಗಂಟಲು ಕೂಗಿಗೆ ಮಾತ್ರ ಒಲಿಯಲಿಲ್ಲ.

ಮೊದಲ ಸಲ ದೋಣಿಕಟ್ಟೆಯಲ್ಲಿ ನಿಂತು ಕೂಗಿದಾಗ ಗೂಬೆಯೊಂದು ಹಗಲಲ್ಲೇ ಎದ್ದು ಬೈದಿತು. ಎರಡನೇ ಸಲ ನೈದಿಲೆಗಳ ನಡುವೆ ಮಲಗಿದ್ದ ಗಂಡು ಮೊಸಳೆ ನೀರೆಲ್ಲ ಕುಣಿಯುವಂತೆ ಗುಡುಗಿ ಉತ್ತರ ಕೊಟ್ಟಿತು. ಮೂರನೇ ಸಲ ಹುಲ್ಲು ಬೆಳೆದ ನೀರುಬಯಲಿನ ಬೂದು ಕೊಕ್ಕರೆಗಳು ಕತ್ತು ಎತ್ತಿ ‘ಗರ್‌ರೂ’ ಎಂದವು. ಅಂದಿನಿಂದ ಅವಳು ಬಾಯಿ ತೆರೆದಾಗಲೆಲ್ಲ ಅವೇ ಓಗೊಡುತ್ತಿದ್ದವು. ಅವಳ ಕೂಗು ಹುಬೇಹೂಬು ಕೊಕ್ಕರೆಯದೇ.

‘ನಾವು ತಂದಿದ್ದು ಸೊಸೇನಲ್ಲ ಕಣಕ್ಕಾ, ಕೊಕ್ಕರೇನ,’ ಎಂದು ನಗುತ್ತಿದ್ದ ಓಬೆಡ್. ಅವನು ಜಿಲ್ಫಾಳ ತಮ್ಮ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದವನು. ‘ಇನ್ನೇನು ಮೊಟ್ಟೆ ಇಡೋದೊಂದೇ ಬಾಕಿ.’

‘ಮಾವ, ನೀವು ಸುಮ್ನಿರಿ. ಕಲಿಯೋಕೆ ಟೈಮ್ ಬೇಡ್ವಾ?’

‘ತಗೋಮ್ಮ, ಟೈಮ್ ತಗೋ. ಈ ನೀರೆಲ್ಲ ಬಸಿದು ಕಬ್ಬು ಬೆಳೀತೀವಿ ಅಂತ ದೊಡ್ಡಮನುಷ್ಯರು ಬಂದಿದ್ರಲ್ಲ ಆಗ, ಆ ಕಾಲುವೇಲಿ ಮೂರು ವರ್ಷ ಮಣ್ಣು ಹೊತ್ತಿದ್ದೀನಿ ನಾನು. ನೀರು ಗೇಟಿನ ತನಕ ಹೋಗಿ, ಆಚೆ ಕಡೆ ಒಂದ್ಸಲ ಇಣುಕಿ ನೋಡಿ, ಇಲ್ಲೇ ವಾಸಿ ಅಂತ ವಾಪಸ್ ಬಂತು. ನಿಂದು ಇನ್ನೂ ಎಂಟೇ ತಿಂಗಳು.’

ಶನಿವಾರ ಶನಿವಾರ ಪರೀಕ್ಷೆ. ಓಬೆಡ್ ಅವಳನ್ನು ದೋಣಿಯಲ್ಲಿ ಬಯಲಿನ ಆ ಕೊನೆಗೆ ಒಯ್ಯುತ್ತಿದ್ದ. ಜಿಲ್ಫಾ ದೋಣಿಕಟ್ಟೆಯಲ್ಲಿ ಮಡಿಲಲ್ಲಿ ಅಲಸಂದೆ ಸುಲಿಯುತ್ತ ಕೂರುತ್ತಿದ್ದಳು. ಕೂಗಿ ಬಂದು ಟೆಲಿತಾ ಆಸೆಯಿಂದ ಕೇಳಿದರೆ, ಅತ್ತೆ ಸಿಪ್ಪೆ ಕೊಡವುತ್ತ, ‘ಮೂರು ಕೊಕ್ಕರೆ ಕೂಗಿದ್ವು ಕಣೆ. ಅದ್ರಲ್ಲಿ ನೀನ್ಯಾವ್ದು?’ ಅನ್ನುತ್ತಿದ್ದಳು.

ದೋಣಿಯ ಮೇಲೆ ಟೆಲಿತಾಳಿಗೆ ಅಷ್ಟು ಆಸೆ ಯಾಕೆಂದರೆ, ಹಾರ್ಲನ್ ಇದ್ದದ್ದು ಮರ ಕಡಿಯುವವರ ಕ್ಯಾಂಪಿನಲ್ಲಿ. ನೀರಿನ ಮೇಲೆ ಕಂಬ ನೆಟ್ಟು ರೈಲುಹಳಿ ಹಾಕಿ, ಐನೂರು ವರ್ಷದ ಸೈಪ್ರೆಸ್ ಮರಗಳನ್ನು ಉರುಳಿಸಿ ಸಾಗಿಸುತ್ತಿದ್ದ ಕಾಲವದು. ಹದಿನೈದು ದಿನಕ್ಕೊಮ್ಮೆ ಭಾನುವಾರ ಮನೆಗೆ ಬಂದರೆ ಅರ್ಧ ದಿನ ನಿದ್ದೆ, ಇನ್ನರ್ಧ ದಿನ ಅಮ್ಮನ ಬೇಲಿ ರಿಪೇರಿ. ಹೆಂಡತಿಯ ಪಾಲಿಗೆ ಸಿಗುತ್ತಿದ್ದುದು ಅವನ ಗೊರಕೆ. ಗಳ ಹಾಕಿ ದೋಣಿ ನೂಕಿದರೆ ಕ್ಯಾಂಪು ಮೂರು ಗಂಟೆಯ ದಾರಿ. ಶನಿವಾರ ಮಧ್ಯಾಹ್ನ ಕೆಲಸ ಬಿಡುವ ಹೊತ್ತಿಗೆ ತಲುಪಿ, ಅಲ್ಲಿನ ಹಾಡುಕೂಟದಲ್ಲಿ ಅವನ ಪಕ್ಕ ಕೂತು, ಭಾನುವಾರ ಅವನೊಡನೆ ಮರಳಬಹುದಿತ್ತು. ದೋಣಿ ನೂಕುವುದನ್ನು ಟೆಲಿತಾ ಎರಡೇ ತಿಂಗಳಲ್ಲಿ ಕಲಿತಿದ್ದಳು. ದಾರಿಯೂ ಬಾಯಿಪಾಠ. ಇಲ್ಲದ್ದು ಕೂಗು ಒಂದೇ.

‘ಗಂಡನ್ನ ನೋಡ್ಬೇಕು ಅಂದ್ರೆ ಗಂಟ್ಲು ತೆಗಿ,’ ಅನ್ನುತ್ತಿದ್ದಳು ಜಿಲ್ಫಾ. ‘ನಾನು ಈ ಮನೆಗೆ ಬಂದಾಗ ನಮ್ಮತ್ತೆ ಹನ್ನೊಂದು ದಿನ ಕೊಟ್ಲು. ಒಂಬತ್ತನೇ ದಿನಕ್ಕೆ ನನ್ನ ಕೂಗಿಗೆ ಪಕ್ಕದ ದ್ವೀಪದ ನಾಯಿ ಎದ್ದು ನಿಂತಿತ್ತು.’

ಅದು ಸುಳ್ಳಲ್ಲ. ಜಿಲ್ಫಾಳ ಕೂಗಿನ ಹೆಸರು ಆ ನೀರಿನ ಉದ್ದಗಲಕ್ಕೂ ಇತ್ತು. ಆದರೆ ಕ್ರಿಸ್ಮಸ್ ಆದ ಮೇಲೆ ಟೆಲಿತಾ ಅದನ್ನು ಒಂದು ಸಲವೂ ಕೇಳಿರಲಿಲ್ಲ. ಓಬೆಡ್‌ನನ್ನು ಊಟಕ್ಕೆ ಕರೆಯಬೇಕಾದರೆ ಅತ್ತೆ ನಾಯಿಯನ್ನು ಕಳಿಸುತ್ತಿದ್ದಳು. ಹಾಡುವ ಭಾನುವಾರಗಳಲ್ಲಿ ಪುಸ್ತಕ ಹಿಡಿದು ತುಟಿ ಆಡಿಸುತ್ತಿದ್ದಳು. ‘ಕರೆಯೋಕೆ ಯಾರಿದ್ದಾರೆ ಈಗ,’ ಅನ್ನುತ್ತ ಒಂದು ಚಮಚ ಜೇನು ಗಂಟಲಿಗೆ ಬಿಟ್ಟುಕೊಳ್ಳುತ್ತಿದ್ದಳು. ಬೆಳಗಿನಿಂದ ಹತ್ತು ಕೆಲಸ ಹೊತ್ತ ಮನೆಯಲ್ಲಿ ಇಂಥದ್ದನ್ನು ಯಾರು ಗಮನಿಸುತ್ತಾರೆ? ಟೆಲಿತಾಳೂ ಗಮನಿಸಲಿಲ್ಲ.

*

ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಣ್ಣು ಬಿಡಿಸಲು ಹೊರಟರು. ಬಯಲಿನ ನಡುವೆ ಸೈಪ್ರೆಸ್ ಮರಗಳು ಒತ್ತಾಗಿ ಬೆಳೆದ ಒಂದು ತೋಪಿತ್ತು. ಅದರ ಅಂಚಿನ ಪೊದೆಗಳಲ್ಲಿ ಕಪ್ಪು ನೀಲಿಯ ಕಾಡುಹಣ್ಣು ಈ ವರ್ಷ ಗೊಂಚಲು ಗೊಂಚಲಾಗಿ ಬಿಟ್ಟಿದೆ, ಕರಡಿಗಿಂತ ಮೊದಲು ಹೋಗಬೇಕು ಎಂದು ಓಬೆಡ್ ಸುದ್ದಿ ತಂದಿದ್ದ. ತನಗೆ ಸೊಂಟನೋವು ಎಂಬ ಸುದ್ದಿಯನ್ನೂ ಜೊತೆಗೇ ತಂದಿದ್ದ.

ಗಳ ಹಿಡಿದು ದೋಣಿಯ ಹಿಂದೆ ನಿಂತವಳು ಜಿಲ್ಫಾ. ಅರವತ್ತೆರಡರ ಹೆಂಗಸು, ಒಂದು ಸಲ ಒತ್ತಿದರೆ ದೋಣಿ ಎರಡು ಮಾರು ಹೋಗುತ್ತಿತ್ತು. ಹಾಲು ಹಾಕದ ಕಾಫಿಯಂಥ ನೀರಿನಲ್ಲಿ ಮೋಡಗಳು ತಲೆಕೆಳಗಾಗಿ ನಿಂತಿದ್ದವು. ನೀರುನಾಯಿಯೊಂದು ತಲೆ ಎತ್ತಿ ಇವರನ್ನು ನೋಡಿ, ತನಗೆ ಬೇರೆ ಕೆಲಸವಿದೆ ಎಂಬಂತೆ ಮುಳುಗಿತು. ಟೆಲಿತಾ ಮುಂದೆ ಕೂತು ಬುತ್ತಿಯ ಡಬ್ಬಿ ಕಾಯುತ್ತಿದ್ದಳು.

‘ಅತ್ತೆ, ನಾಡಿದ್ದು ಶನಿವಾರ.’

‘ಹೂಂ. ನಾಡಿದ್ದು ಶನಿವಾರ, ಆಚೆ ನಾಡಿದ್ದು ಭಾನುವಾರ. ಪಟ್ಟಣದಲ್ಲಿ ಚೆನ್ನಾಗೇ ಓದಿದೀಯ.’

‘ಈ ಸಲ ಹಾರ್ಲನ್ ಬರೋ ವಾರ.’

‘ನನ್ ಮಗ ಯಾವ ವಾರ ಬರ್ತಾನೆ ಅಂತ ನನಗೆ ಹೇಳ್ಕೊಡ್ತಾಳೆ ನೋಡು. ಕೂಗು ತೋರ್ಸು, ಗಳ ತಗೋ. ಅಷ್ಟೇ ಕಣೆ.’

ತೋಪಿನ ಬಳಿ ಇಳಿಯುವ ಜಾಗದಲ್ಲಿ ನೆಲದ ಹಾಗೆ ಕಾಣುವ ಹಸಿರು ಮೆತ್ತೆಯಿತ್ತು. ಅದರ ಮೇಲೊಂದು ಆಳೆತ್ತರದ ಪೊದೆ, ಹೂಜಿಯಂಥ ಎಲೆಗಳಲ್ಲಿ ನೊಣ ಹಿಡಿಯುವ ಒಂದಿಷ್ಟು ಗಿಡ. ಜಿಲ್ಫಾ ಹಗ್ಗವನ್ನು ಪೊದೆಯ ಬುಡಕ್ಕೆ ಎರಡು ಸುತ್ತು ಸುತ್ತಿ ಕಟ್ಟಿ, ಗಳವನ್ನು ದೋಣಿಯಲ್ಲೇ ಮಲಗಿಸಿದಳು. ಮೆತ್ತೆಯ ಮೇಲೆ ಕಾಲಿಟ್ಟಾಗ ಮೂರು ಮಾರು ಆಚೆಯ ಗಿಡವೂ ತಲೆಯಾಡಿಸಿತು. ಅದೇನು ವಿಶೇಷವಲ್ಲ, ಆ ಸೀಮೆಯಲ್ಲಿ ನೆಲ ನಡುಗುವುದು ಇದ್ದದ್ದೇ. ಇಬ್ಬರೂ ಎಲ್ಲೂ ನಿಲ್ಲದೆ ಹಗುರ ಹೆಜ್ಜೆಯಲ್ಲಿ ದಾಟಿ, ತೋಪಿನ ಗಟ್ಟಿ ಬೇರುಗಳನ್ನು ಹತ್ತಿದರು.

ಹಣ್ಣು ಓಬೆಡ್ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಬಕೆಟ್ಟು ತುಂಬಿತು, ಹೊಟ್ಟೆ ತುಂಬಿತು, ಜಿಲ್ಫಾಳ ಏಪ್ರನ್ನಿನ ಜೇಬೂ ತುಂಬಿತು. ನಾಲಿಗೆ ನೀಲಿಯಾಗಿದೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಗಾಳಿ ಬೀಸಿ ಸೆಕೆ ಕಡಿಮೆಯಾಯಿತು. ಟೆಲಿತಾ ಬುತ್ತಿ ತರಲೆಂದು ಅಂಚಿಗೆ ಬಂದಳು.

ಪೊದೆ ಇರಲಿಲ್ಲ.

ಪೊದೆಯಿದ್ದ ಮೆತ್ತೆಯೂ ಇರಲಿಲ್ಲ. ಅಲ್ಲಿ ಬರೀ ನೀರು, ನೀರಿನ ಮೇಲೆ ಗುಳ್ಳೆಗಳು. ಅವಳು ಕಣ್ಣುಜ್ಜಿಕೊಂಡು ನೋಡಿದಳು. ಇನ್ನೂರು ಮಾರು ದೂರದಲ್ಲಿ ಪೊದೆ ನೆಟ್ಟಗೆ ನಿಂತುಕೊಂಡೇ, ಗಾಳಿಗೆ ಎಲೆ ಬಿಚ್ಚಿ, ಹಾಯಿಹಡಗಿನ ಠೀವಿಯಲ್ಲಿ ಪೂರ್ವಕ್ಕೆ ಹೊರಟಿತ್ತು. ಹಿಂದೆಯೇ ಕಟ್ಟಿದ ಕರುವಿನ ಹಾಗೆ ದೋಣಿ. ದೋಣಿಯ ಮೂತಿಯ ಮೇಲೆ ಒಂದು ಆಮೆ ಕತ್ತು ಚಾಚಿ ಕೂತಿತ್ತು.

‘ಅತ್ತೆ! ನೀವು ದೋಣಿ ಯಾವುದಕ್ಕೆ ಕಟ್ಟಿದ್ರಿ?’

‘ಪೊದೆಗೆ.’

‘ಪೊದೇನ ಯಾವುದಕ್ಕೆ ಕಟ್ಟಿದ್ರಿ?’

ಜಿಲ್ಫಾ ಬಂದು ನೋಡಿದಳು. ನೋಡುತ್ತ ನಿಂತಳು. ಕೊಳೆತ ಎಲೆ ಬೇರುಗಳ ಪದರ ತಳದಿಂದ ಕಿತ್ತು ಮೇಲೆದ್ದು ಹೊಸದಾಗಿ ತೇಲುತ್ತಿದ್ದರೆ ಅದಕ್ಕೆ ದೋಣಿ ಕಟ್ಟಬಾರದು; ಇದು ಅಲ್ಲಿನ ಐದು ವರ್ಷದ ಮಗುವಿಗೂ ಗೊತ್ತು. ಗಿಡ ಹಳೆಯದೆಂದು ಅವಳು ಬುಡ ನೋಡದೆ ಕಟ್ಟಿದ್ದಳು.

‘ಈ ಮಾತು ಓಬೆಡ್‌ಗೆ ಗೊತ್ತಾದ್ರೆ,’ ಎಂದಳು ಮೆಲ್ಲಗೆ, ‘ನನ್ನ ಗೋರಿ ಮೇಲೂ ಬರೆಸ್ತಾನೆ.’

ನೀರು ಸೊಂಟದಷ್ಟೇ ಇದ್ದಿರಬಹುದು. ಆದರೆ ತಳದ ಕೆಸರಿಗೆ ತಳವಿರಲಿಲ್ಲ. ಸಾಲದ್ದಕ್ಕೆ ಇಪ್ಪತ್ತು ಮಾರು ಆಚೆ ಹುಲ್ಲಿನ ಗುಡ್ಡೆಯೊಂದಿತ್ತು, ಅದರ ಪಕ್ಕ ಎರಡು ಕಣ್ಣುಗಳಿದ್ದವು. ಮೊಟ್ಟೆ ಕಾಯುವ ಹೆಣ್ಣು ಮೊಸಳೆ. ಅದು ಇವರನ್ನು ತಿನ್ನುವ ಯೋಚನೆಯಲ್ಲೇನೂ ಇರಲಿಲ್ಲ; ಆದರೆ ಹತ್ತಿರ ಬರಬೇಡಿ ಎಂದು ಬಾಯಿ ಅಗಲಿಸಿ ಸ್ಪಷ್ಟವಾಗಿ ಹೇಳಿತು.

‘ಸರಿ ಬಿಡಿ,’ ಎಂದಳು ಟೆಲಿತಾ. ‘ಮನೆ ಒಂದೂವರೆ ಮೈಲಿ. ನೀವೊಂದು ಕೂಗು ಹಾಕಿ, ಮಾವ ಬರ್ತಾರೆ.’

‘ಈಗ ಬೇಡ. ಅವ್ನು ಮಲಗಿರ್ತಾನೆ.’

ಸ್ವಲ್ಪ ಹೊತ್ತಾಯಿತು.

‘ಈಗ ಕೂಗಿ ಅತ್ತೆ.’

‘ಗಾಳಿ ಎದುರಿಗಿದೆ ಕಣೆ.’

ಗಾಳಿ ನಿಂತಿತು. ಹಸಿವಾಯಿತು. ಹಣ್ಣು ತಿಂದು ತಿಂದು ಬಾಯಿ ಒಗರಾಗಿತ್ತು. ಬುತ್ತಿಯಲ್ಲಿದ್ದ ಹಂದಿಮಾಂಸ, ಬೇಯಿಸಿದ ಗೆಣಸು ಆಮೆಯ ಜೊತೆ ಪ್ರಯಾಣ ಮಾಡುತ್ತಿದ್ದವು. ಟೆಲಿತಾ ಸೊಂಟದ ಮೇಲೆ ಕೈಯಿಟ್ಟು ಅತ್ತೆಯ ಎದುರು ನಿಂತಳು.

‘ಕೂಗಿ ಅಂದ್ರೆ ಯಾಕೆ ಹೀಗೆ ಮಾಡ್ತೀರಿ? ಪೊದೆಗೆ ಕಟ್ಟಿದ್ದಕ್ಕೆ ನಾಚ್ಕೇನಾ? ನಾನೇ ಕಟ್ಟಿದೆ ಅಂತ ಹೇಳ್ತೀನಿ. ಕೂಗಿ.’

ಜಿಲ್ಫಾ ಎದ್ದಳು. ಏಪ್ರನ್ ಸರಿಮಾಡಿಕೊಂಡಳು. ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, ಎದೆ ತುಂಬ ಉಸಿರೆಳೆದು ಕೂಗಿದಳು. ಹೊರಗೆ ಬಂದದ್ದು ಎಣ್ಣೆ ಕಾಣದ ಬಾಗಿಲಿನ ಕಿರುಗುಡುವಿಕೆ, ಅದೂ ಪಕ್ಕದ ಕೋಣೆಯ ಬಾಗಿಲು. ಹತ್ತಿರದ ಕಪ್ಪೆಯೊಂದು ಅದಕ್ಕಿಂತ ಜೋರಾಗಿ ವಟಗುಟ್ಟಿತು.

ಜಿಲ್ಫಾ ಕೈ ಕೆಳಗಿಳಿಸಿದಳು.

‘ಕ್ರಿಸ್ಮಸ್ಸಿನ ಕೆಮ್ಮಿಂದ,’ ಎಂದಳು ಜಿಲ್ಫಾ. ‘ಮಾತು ಬಂತು, ಕೂಗು ಬರ್ಲಿಲ್ಲ. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಆರು ತಿಂಗಳಾಯ್ತು.’

‘ಮತ್ತೆ ದಿನಾ ಒಬ್ರೇ ದೋಣಿ ತಗೊಂಡು ಹೋಗ್ತಿದ್ರಲ್ಲ!’

‘ಹೋಗ್ತಿದ್ದೆ.’

‘ಕೂಗಿಲ್ಲದವಳಿಗೆ...’

‘ಗೊತ್ತು ಕಣೆ, ಹೇಳ್ಬೇಡ. ಆ ಕಾನೂನು ನಡೆಸೋಳೇ ನಾನು.’ ಅವಳು ಬೇರಿನ ಮೇಲೆ ಕುಸಿದು ಕೂತಳು. ‘ಹೇಳ್ಕೊಂಡಿದ್ರೆ ನನ್ನ ಕೈಯಿಂದ ಗಳ ಕಿತ್ಕೊಂಡು ಜಗಲಿ ಮೇಲೆ ಕೂರಿಸ್ತಿದ್ರು. ಓಬೆಡ್‌ನ ಮುಖ ನೋಡ್ಕೊಂಡು ಇಡೀ ದಿನ ಕೂರೋದು ಹೇಳು. ಅದಕ್ಕಿಂತ ಮೊಸಳೆ ವಾಸಿ.’

ಟೆಲಿತಾಳಿಗೆ ಸಿಟ್ಟು ಬರಬೇಕಿತ್ತು. ಎಂಟು ತಿಂಗಳು, ಮೂವತ್ತು ಶನಿವಾರ. ಸಿಟ್ಟು ಬರುವ ದಾರಿಯಲ್ಲೇ ಇತ್ತು, ಅಷ್ಟರಲ್ಲಿ ಕಪ್ಪೆ ಮತ್ತೊಮ್ಮೆ, ಈ ಸಲ ಅತ್ತೆಯ ಧಾಟಿಯಲ್ಲೇ, ವಟಗುಟ್ಟಿತು. ಟೆಲಿತಾಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈಯಡ್ಡ ಹಿಡಿದರೂ ನಿಲ್ಲಲಿಲ್ಲ. ಬಿಸಿಲಟೋಪಿಯನ್ನೇ ತೆಗೆದು ಮುಖಕ್ಕೆ ಹಿಡಿದಳು. ಜಿಲ್ಫಾ ಮೊದಲು ಗುರಾಯಿಸಿದಳು, ಆಮೇಲೆ ಅವಳ ಭುಜಗಳೂ ಕುಣಿಯತೊಡಗಿದವು. ನೀಲಿ ಹಲ್ಲು ಬಿಟ್ಟುಕೊಂಡು ಇಬ್ಬರೂ ನಕ್ಕರು. ಮೊಸಳೆ ಬಾಯಿ ಮುಚ್ಚಿ ಗಂಭೀರವಾಗಿ ನೋಡುತ್ತಿತ್ತು.

‘ಇನ್ನು ನೀನೇ ಗತಿ,’ ಎಂದು ಕಣ್ಣೊರೆಸಿಕೊಂಡಳು ಜಿಲ್ಫಾ. ‘ಕೂಗು.’

ಟೆಲಿತಾ ಕೂಗಿದಳು. ದನಿ ಬಯಲಿನುದ್ದಕ್ಕೂ ನುಗ್ಗಿತು. ಉತ್ತರ ಬಂತು: ಎಡಗಡೆಯಿಂದ ಎರಡು, ಬಲಗಡೆಯಿಂದ ನಾಲ್ಕು, ಬೆನ್ನ ಹಿಂದಿನಿಂದ ಒಂದು. ಎಲ್ಲ ಕೊಕ್ಕರೆಗಳು. ಮತ್ತೆ ಕೂಗಿದಳು. ಅವೂ ಕೂಗಿದವು, ಇನ್ನೂ ಉತ್ಸಾಹದಿಂದ. ಒಂದು ಜೋಡಿ ಹಾರಿಬಂದು ಹತ್ತಿರದಲ್ಲೇ ಇಳಿದು, ನೆಂಟರನ್ನು ಹುಡುಕುವ ಹಾಗೆ ಕತ್ತು ತಿರುಗಿಸಿತು.

‘ಹಾಳಾದೋವಾ, ಬಾಯ್ಮುಚ್ಕೊಳ್ಳಿ!’ ಜಿಲ್ಫಾ ಕಿರುಗುಟ್ಟಿದಳು. ‘ಓಬೆಡ್ ಎದ್ದಿದ್ರೂ ಏನಂತಾನೆ? ಇವತ್ತು ಕೊಕ್ಕರೆ ಗಲಾಟೆ ಜಾಸ್ತಿ, ನಾಳೆ ಮಳೆ ಬರುತ್ತೆ ಅಂತಾನೆ. ಮಗ್ಗುಲು ಬದಲಾಯಿಸ್ತಾನೆ.’

ನೆರಳು ಪೂರ್ವಕ್ಕೆ ವಾಲಿತು. ಟೆಲಿತಾ ಇಪ್ಪತ್ತು ಸಲವಾದರೂ ಕೂಗಿರಬೇಕು. ಅವಳ ದನಿಯೂ ಬತ್ತಿಹೋದರೆ ರಾತ್ರಿ ಇಲ್ಲೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಣ್ಣಿನ ಆಸೆಗೆ ಸಂಜೆ ಬರುವ ಕರಡಿಯ ವಿಷಯವೂ ಗೊತ್ತಿತ್ತು.

‘ನಮ್ಮಜ್ಜಿ ಹೇಳೋಳು,’ ಎಂದಳು ಜಿಲ್ಫಾ, ಕಾಲಬಳಿಯ ಮಣ್ಣಿನಿಂದ ಹಳೆಯ ಮಡಕೆಯ ಚೂರೊಂದನ್ನು ಎತ್ತಿ ತಿರುಗಿಸುತ್ತ. ‘ಇಲ್ಲಿನ ಮೂಲದೋರು ಸೆಮಿನೋಲ್ ಜನಾನ ಹಿಡಿಯೋಕೆ ಸೈನ್ಯ ಬಂದಾಗ ಅವ್ರು ಇಂಥ ತೋಪುಗಳಲ್ಲೇ ತಿಂಗಳುಗಟ್ಲೆ ಕೂತಿದ್ರಂತೆ. ಮಗು ಅಳೋ ಸದ್ದು ಕೂಡ ಆಚೆ ಹೋಗ್ದಂಗೆ. ಅವ್ರ ಸದ್ದು ಕೇಳಿಸ್ಬಾರ್ದಿತ್ತು, ಕೇಳಿಸ್ಲಿಲ್ಲ. ನಮ್ದು ಕೇಳಿಸ್ಬೇಕು, ಕೇಳಿಸಿದ್ರೂ ಪ್ರಯೋಜ್ನ ಇಲ್ಲ.’ ಚೂರನ್ನು ಇದ್ದ ಜಾಗದಲ್ಲೇ ಇಟ್ಟಳು. ಆಮೇಲೆ ತಟ್ಟನೆ ಕತ್ತು ಎತ್ತಿದಳು. ‘ಕೊಕ್ಕರೆಗೆ ಏನು ಬರಲ್ಲ ಹೇಳು.’

‘ಏನು?’

‘ಅದು ಮಾಡೋದೆಲ್ಲ ನೀನು ಮಾಡ್ತೀಯ. ನೀನು ಮಾಡೋದು ಅದಕ್ಕೆ ಯಾವ್ದು ಬರಲ್ಲ?’

ಟೆಲಿತಾ ಯೋಚಿಸಿದಳು. ಪಾತ್ರೆ ತೊಳೆಯುವುದು, ಬಟ್ಟೆ ಕುದಿಸುವುದು, ಅತ್ತೆಯ ಬೈಗುಳ ತಿನ್ನುವುದು. ಆಮೇಲೆ ಅವಳ ಮುಖ ಅರಳಿತು.

‘ಫ-ಸೋ-ಲ,’ ಎಂದಳು.

‘ಹೋದ ಭಾನುವಾರದ ಕೊನೇ ಹಾಡು,’ ಎಂದಳು ಜಿಲ್ಫಾ. ‘ತಾರದ ಸಾಲು. ಸಾಹಿತ್ಯ ಬೇಡ, ಸ್ವರ ಮಾತ್ರ. ಎಳೆದು ಎಳೆದು ಹೇಳು, ನಾನು ತಾಳ ಹಾಕ್ತೀನಿ.’

ಜಿಲ್ಫಾಳ ಕೈ ಮೇಲೆದ್ದು ಕೆಳಗಿಳಿಯಿತು. ಟೆಲಿತಾ ಕೊಕ್ಕರೆಯ ಗಂಟಲಿನಲ್ಲೇ, ಅದೇ ಒರಟು ಏರುದನಿಯಲ್ಲೇ, ಸ್ವರ ಹಿಡಿದಳು. ಲ... ಸೋ... ಫ... ಒಂದೊಂದು ಸ್ವರವನ್ನೂ ನೀರಿನ ಆಚೆ ದಡಕ್ಕೆ ಎಸೆಯುವಂತೆ. ಕೊಕ್ಕರೆಗಳು ಮೊದಲೆರಡು ಸ್ವರಕ್ಕೆ ಓಗೊಟ್ಟವು. ಮೂರನೆಯದು ಇನ್ನೂ ಕೆಳಗಿಳಿದಾಗ ಗಲಿಬಿಲಿಗೊಂಡು ನಿಲ್ಲಿಸಿದವು. ಬಯಲೆಲ್ಲ ಅವಳದೊಂದೇ ದನಿಯಾಯಿತು. ಸಾಲು ಮುಗಿಯಿತು. ಮತ್ತೆ ಮೊದಲಿನಿಂದ. ಮತ್ತೆ.

ಆ ಹಾಡಿನಲ್ಲಿ ತಾರದವರು ಮೂರನೇ ಸಾಲಿನ ಕೊನೆಗೆ ಒಂದೇ ಸ್ವರದ ಮೇಲೆ ನಿಂತು ಕಾಯುತ್ತಾರೆ. ಮಂದ್ರದವರು ಕೆಳಗಿನಿಂದ ಬಂದು ಅವರನ್ನು ಎತ್ತಿಕೊಳ್ಳಬೇಕು. ನಾಲ್ಕನೇ ಸಲ ಟೆಲಿತಾ ಆ ಸ್ವರದ ಮೇಲೆ ನಿಂತಳು. ಉಸಿರು ಮುಗಿಯುತ್ತ ಬಂತು. ಜಿಲ್ಫಾಳ ಕೈ ಗಾಳಿಯಲ್ಲೇ ನಿಂತಿತು.

ಆಗ, ಬಹಳ ದೂರದಿಂದ, ನೀರಿನ ಮೇಲೆ ಉರುಳಿಕೊಂಡು ಬಂದ ಪೀಪಾಯಿಯ ಸದ್ದಿನಂತೆ, ಮಂದ್ರದ ಸಾಲು ಬಂತು. ಸರಿಯಾದ ಜಾಗಕ್ಕೆ, ಒಂದಿಷ್ಟೂ ಹಿಂದೆಮುಂದೆ ಇಲ್ಲದೆ.

ಟೆಲಿತಾಳ ಕಣ್ಣಲ್ಲಿ ನೀರು ಬಂತು. ಹಾಡು ನಿಲ್ಲಿಸಬಾರದಲ್ಲ ಎಂದು ಅಳುತ್ತಲೇ ನಾಲ್ಕನೇ ಸಾಲು ಹೇಳಿದಳು. ಅತ್ತ ಮಂದ್ರ ಎರಡು ಸ್ವರ ಹೇಳಿ ಗಕ್ಕನೆ ನಿಂತಿತು. ಆಮೇಲೆ ಬಂದದ್ದು ಹಾಡಲ್ಲ, ಕೂಗು. ಓಬೆಡ್‌ನ ಸ್ವಂತ ಕೂಗು. ಒಂದಲ್ಲ, ಒಂದರ ಮೇಲೊಂದು ಮೂರು.

‘ಎದ್ದ,’ ಎಂದಳು ಜಿಲ್ಫಾ.

*

‘ನಿದ್ದೇಲಿದ್ದೆ ಕಣಕ್ಕಾ,’ ಎಂದು ಓಬೆಡ್ ದೋಣಿಯನ್ನು ದಡಕ್ಕೆ ಹಚ್ಚುವ ಮೊದಲೇ ಶುರುಮಾಡಿದ. ಅವನ ಸೊಂಟನೋವು ಎಲ್ಲಿ ಹೋಗಿತ್ತೋ. ‘ಕನಸಲ್ಲಿ ಹಾಡುಕೂಟ. ತಾರದೋರು ನಿಂತ್ರು, ನನ್ನ ಸಾಲು ಬಂತು, ಎತ್ಕೊಂಡೆ. ಕಣ್ಣು ಬಿಟ್ರೆ ಜಗಲಿ, ಪಕ್ಕದಲ್ಲಿ ನಾಯಿ. ಅಲ್ಲಾ, ಹಾಡ್ತಿರೋರು ಯಾರು? ಕೊಕ್ಕರೆ! ಕೊಕ್ಕರೆ ಸ್ವರ ಹೇಳ್ತಿದೆ, ಅದೂ ಶ್ರುತಿ ತಪ್ಪದೆ! ಪ್ರಳಯ ಬಂತು ಅಂದ್ಕೊಂಡೆ. ಟೋಪಿ ಹಾಕ್ಕೊಂಡೆ, ದೇವ್ರ ಮುಂದೆ ಬರೀತಲೇಲಿ ಹೋಗ್ಬಾರ್ದು ಅಂತ. ಆಮೇಲೆ ತಲೆಗೆ ಹೊಳೀತು, ಇದು ನಮ್ಮನೆ ಕೊಕ್ಕರೆ ಅಂತ.’ ಅವನು ಉಸಿರು ತೆಗೆದುಕೊಂಡು ಸುತ್ತ ನೋಡಿದ. ‘ದೋಣಿ ಎಲ್ಲಿ?’

‘ಪೊದೆ ತಗೊಂಡು ಹೋಯ್ತು,’ ಎಂದಳು ಟೆಲಿತಾ. ‘ನಾನೇ ಕಟ್ಟಿದ್ದು ಮಾವ. ನಂಗೆ ಗೊತ್ತಾಗ್ಲಿಲ್ಲ.’

‘ಪಟ್ಟಣದ ಹುಡ್ಗಿ! ಅಕ್ಕಾ, ನೀನಾದ್ರೂ ನೋಡೋದಲ್ವಾ? ಮತ್ತೆ ನೀನ್ಯಾಕೆ ಕೂಗ್ಲಿಲ್ಲ? ನಿನ್ನ ಒಂದು ಕೂಗಿಗೆ ನಾನು ಊಟ ಬಿಟ್ಟು ಬರ್ತಿದ್ನಲ್ಲ.’

‘ಅದೂ ನಾನೇ ಬೇಡ ಅಂದೆ,’ ಎಂದಳು ಟೆಲಿತಾ. ‘ನನ್ನ ಪರೀಕ್ಷೆ ಇವತ್ತೇ ಆಗ್ಲಿ ಅಂತ.’

ಜಿಲ್ಫಾ ದೋಣಿ ಹತ್ತಿ ನಡುವೆ ಕೂತಳು, ಮಡಿಲಲ್ಲಿ ಹಣ್ಣಿನ ಬಕೆಟ್ಟು. ಹತ್ತು ಮಾರು ಹೋಗಿರಲಿಕ್ಕಿಲ್ಲ.

‘ನಿಲ್ಸು ಓಬೆಡ್,’ ಎಂದಳು. ‘ಗಳ ಅವಳಿಗೆ ಕೊಡು.’

‘ಯಾರಿಗೆ?’

‘ಇಲ್ಲಿ ಇನ್ಯಾರಿದ್ದಾರೆ? ಕೊಡು ಅಂದ್ರೆ ಕೊಡು. ಪೊದೆಗೆ ಕಟ್ಟಿದ್ದು ನಾನು. ಕೂಗಿಲ್ದೇ ಇರೋಳೂ ನಾನೇ. ಆರು ತಿಂಗಳಿಂದ ಇಲ್ಲ. ಈಗ ನಗ್ಬೇಕು ಅಂದ್ರೆ ನಕ್ಕುಬಿಡು, ಊಟದ ಹೊತ್ತಲ್ಲಿ ಶುರುಮಾಡ್ಬೇಡ.’

ಓಬೆಡ್ ನಗಲಿಲ್ಲ. ಅಕ್ಕನ ಮುಖ ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ. ‘ಅದ್ಕೇ ನಾಯಿ ಕಳಿಸ್ತಿದ್ದೆ ನನ್ನ ಕರೆಯೋಕೆ,’ ಎಂದ ಕೊನೆಗೆ. ‘ನಾನೇನೋ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ.’

‘ಅದೂ ಇತ್ತು,’ ಎಂದಳು ಜಿಲ್ಫಾ.

ಗಳ ಕೈಬದಲಾಯಿತು. ಟೆಲಿತಾ ಹಿಂದೆ ನಿಂತು ಒತ್ತಿದಳು. ದೋಣಿ ನೈದಿಲೆಗಳನ್ನು ಸೀಳಿಕೊಂಡು ನೆಟ್ಟಗೆ ಹೊರಟಿತು. ‘ಮೊಣಕೈ ಬಗ್ಗಿಸ್ಬೇಡ,’ ಎಂದು ಮನೆ ತಲುಪುವವರೆಗೂ ಹದಿನಾಲ್ಕು ಸಲ ಹೇಳಿಸಿಕೊಂಡಳು.

ಮರುದಿನ ಓಬೆಡ್ ಹೋಗಿ ಅಲೆಮಾರಿ ದೋಣಿಯನ್ನು ಹುಡುಕಿ ತಂದ. ಪೊದೆ ಕಾಲುವೆಯ ಹಳೆಯ ಒಡ್ಡಿಗೆ ತಗುಲಿ, ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ನಿಂತಿತ್ತಂತೆ. ಬುತ್ತಿಯ ಡಬ್ಬಿ ನೆಕ್ಕಿ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ‘ಮೂರು ವರ್ಷ ಅಗೆದಿದ್ದಕ್ಕೆ,’ ಎಂದ ಓಬೆಡ್, ‘ಕೊನೆಗೂ ಆ ಕಾಲುವೆ ಒಂದು ಉಪಯೋಗಕ್ಕೆ ಬಂತು.’

ಶನಿವಾರ ಬೆಳಿಗ್ಗೆ ಟೆಲಿತಾ ಒಗೆದ ಉಡುಪು ತೊಟ್ಟು ದೋಣಿಕಟ್ಟೆಗೆ ಬಂದಾಗ ದೋಣಿಯಲ್ಲಿ ಬುಟ್ಟಿಯೊಂದು ಕಾದಿತ್ತು: ರೊಟ್ಟಿ, ಹುರಿದ ಮೀನು, ಹಣ್ಣಿನ ಕಡುಬು, ಜೋನಿಬೆಲ್ಲದ ಡಬ್ಬಿ. ಡಬ್ಬಿ ಪೂರ್ತಿ ತುಂಬಿತ್ತು.

‘ಅವ್ನಿಗೆ ಬೇಲಿ ವಿಷಯ ಹೇಳ್ಬೇಡ ನಾಳೆ,’ ಎಂದಳು ಜಿಲ್ಫಾ. ‘ಈ ವಾರ ಬೇಲಿ ಬೇಡ.’

‘ಸೋಮವಾರ ನಿಮ್ಮನ್ನ ಬಲೆ ನೋಡೋಕೆ ಕರ್ಕೊಂಡು ಹೋಗ್ತೀನಿ ಅತ್ತೆ. ಮುಂದೆ ಕೂತ್ಕೊಂಡು ಬುತ್ತಿ ಕಾಯ್ಬೇಕು ಅಷ್ಟೇ.’

‘ನಾಲಿಗೆ ಉದ್ದ ಆಯ್ತು ನೋಡು ಗಳ ಸಿಕ್ಕಿದ್ ಕೂಡ್ಲೆ. ಹೋಗು. ಸೈಪ್ರೆಸ್ ತೋಪು ದಾಟಿದ್ ಮೇಲೆ ಕೂಗು.’

ಟೆಲಿತಾ ಹೊರಟಳು. ಬಿಸಿಲು ಏರುತ್ತಿತ್ತು, ಮರಗಳ ಗಡ್ಡದಂಥ ಬೂದು ಪಾಚಿ ಅಲುಗಾಡದೆ ಜೋತುಬಿದ್ದಿತ್ತು, ಮೊಸಳೆ ತನ್ನ ಗುಡ್ಡೆಯ ಪಕ್ಕ ಹಾಗೇ ಇತ್ತು. ತೋಪು ದಾಟಿ ದೋಣಿ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡು, ಮೂರೇ ಸ್ವರ, ತನ್ನದೇ ಕೂಗಿನಲ್ಲಿ ಎಸೆದಳು. ಕೊಕ್ಕರೆಗಳು ಒಂದು ಕ್ಷಣ ಕೇಳಿ, ಇದು ನಮ್ಮದಲ್ಲ ಎಂದು ಸುಮ್ಮನಾದವು.

ಅವಳು ಕಾದಳು. ಉತ್ತರ ಕೊಡಬೇಕಾದವಳಿಗೆ ಕೂಗಿಲ್ಲವೆಂಬುದು ಆಗ ನೆನಪಾಯಿತು.

ಢಣ್.

ದೂರದಿಂದ, ತೆಳ್ಳಗೆ, ಆದರೆ ಖಚಿತವಾಗಿ. ಬಟ್ಟೆ ಕುದಿಸುವ ಕಬ್ಬಿಣದ ಹಂಡೆಯನ್ನು ಯಾರೋ ತಲೆಕೆಳಗು ಮಾಡಿ, ಸೌಟಿನಿಂದಲ್ಲ, ಕೊಡಲಿಯ ಬೆನ್ನಿನಿಂದ ಬಾರಿಸುತ್ತಿದ್ದರು. ಢಣ್, ಢಣ್. ತಾಳ ಒಂದು ಚೂರೂ ತಪ್ಪಿರಲಿಲ್ಲ. ಆ ನೀರಿನಲ್ಲಿ ಅಂಥ ಕೂಗು ಇನ್ನೊಬ್ಬರಿಗಿರಲಿಲ್ಲ.

ಟೆಲಿತಾ ನಕ್ಕು ಗಳ ಒತ್ತಿದಳು, ಮೊಣಕೈ ಬಗ್ಗಿಸದೆ.